ಕಿಟಕಿ ರೆಕ್ಕೆ, ಗೋಡೆ ರೆಕ್ಕೆ

"ಸ್ಟಿಕ್ ಎಡಕ್ಕೆ ತಳ್ಳಿ," ಎಂದೆ.

ಸೈಯಣ್ಣ ಮುರಿದ ವಿಮಾನದ ಹಿಂದಿನ ಸೀಟಿನೊಳಗೆ ಕೈ ಇಳಿಬಿಟ್ಟು, ವಿಮಾನವನ್ನು ವಾಲಿಸುವ ಆ ಹಿಡಿಕೋಲನ್ನು ಎಡಕ್ಕೆ ತಳ್ಳಿದರು. ಸೀಟಿನ ಕೆಳಗಿಂದ ಹೊರಗೆ ಬಂದಿದ್ದ ಎರಡು ಉಕ್ಕಿನ ತಂತಿಗಳಲ್ಲಿ ಒಂದು ಜಗ್ಗಿತು. ಜಗ್ಗಬೇಕಾದದ್ದು ಸುಮ್ಮನೆ ಬಿದ್ದಿತ್ತು, ಸುಮ್ಮನಿರಬೇಕಾದದ್ದು ಜಗ್ಗಿತು.

"ಉಲ್ಟಾ," ಎಂದರು. "ಎಷ್ಟ್ ಸಲ ನೋಡಿದ್ರೂ ಉಲ್ಟಾನೇ ತಾಯಿ. ಮತ್ತೆ ಮತ್ತೆ ಯಾಕೆ ನೋಡ್ತೀರಿ? ಸುಮ್ನೆ ಹೊಟ್ಟೆ ಉರಿಯುತ್ತೆ."

ನನ್ನ ಹೊಟ್ಟೆ ಉರಿಯುತ್ತಿರಲಿಲ್ಲ. ಅದೇ ವಿಚಿತ್ರ. ಈ ತಂತಿಗಳು ಅದಲುಬದಲಾಗಿದ್ದರಿಂದ ಸತ್ತವನು ನನ್ನ ಗಂಡ. ತಂತಿ ಹಾಕಿದವರು ಅವನ ಸ್ವಂತ ಅಪ್ಪ, ನನ್ನ ಮಾವ. ನಾಳೆ ಬೆಳಿಗ್ಗೆ ವಿಚಾರಣೆಯವರ ಮುಂದೆ ಹೋಗಿ, ಮಗನನ್ನು ಕೊಂದವನು ನಾನೇ ಎಂದು ಹೇಳಿಕೆ ಕೊಡಲು ಅವರು ಸಿದ್ಧರಾಗಿ ಕೂತಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಆಗ ಅನಿಸುತ್ತಿದ್ದದ್ದು ಒಂದೇ, ಚಪ್ಪಲಿ ಕಾಲನ್ನು ಕಚ್ಚುತ್ತಿದೆ ಎಂದು.

ಅವನು ಹೋದ ದಿನದಿಂದ ಹೀಗೇ. ಹಲ್ಲುಜ್ಜುತ್ತೇನೆ, ಬಂದವರಿಗೆ ಕುರ್ಚಿ ಹಾಕುತ್ತೇನೆ, ಅವರು ಅತ್ತರೆ ನೀರು ಕೊಡುತ್ತೇನೆ. "ಎಷ್ಟು ಗಟ್ಟಿ ಹೆಂಗಸು" ಎನ್ನುತ್ತಾರೆ. ಗಟ್ಟಿಯೂ ಅಲ್ಲ ಮಣ್ಣೂ ಅಲ್ಲ, ಒಳಗೆ ಯಾರೂ ಇಲ್ಲ ಅಷ್ಟೆ.

ನನ್ನ ಕೆಲಸ ಹಳೆಯ ವಿಮಾನಗಳಿಗೆ ಹಾರಾಟದ ಪರವಾನಗಿ ಕೊಡುವ ಕಚೇರಿಯಲ್ಲಿ. ಹೊಸ ವಿಮಾನವಾದರೆ ಅದನ್ನು ಮಾಡಿದ ಕಂಪನಿ ಬೆನ್ನಿಗೆ ನಿಂತಿರುತ್ತದೆ. ಬಟ್ಟೆ ಹೊದ್ದ ಇಂಥ ಮುದಿ ವಿಮಾನಕ್ಕೆ ಕಂಪನಿಯೂ ಇಲ್ಲ, ಕಂಪನಿಯ ಮೊಮ್ಮಕ್ಕಳೂ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ ನಾವೇ ತಟ್ಟಿ, ಜಗ್ಗಿ, ಮೂಸಿ ನೋಡಿ, ಷರತ್ತು ಹಾಕಿ ಬಿಡುತ್ತೇವೆ. ಊರ ಮೇಲೆ ಹಾರಬಾರದು. ಇದರಲ್ಲಿ ಯಾರಿಗೂ ಹಾರಾಟ ಕಲಿಸಬಾರದು. ಸ್ಟಿಕ್ಕಿನ ತಂತಿ ಮುಟ್ಟಿದರೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಸಹಿ ಹಾಕಬೇಕು, ಆಮೇಲಿನ ಮೊದಲ ಹಾರಾಟ ಒಬ್ಬಂಟಿಯಾಗಿಯೇ ಆಗಬೇಕು.

ಈ ವಿಮಾನಕ್ಕೆ ಷರತ್ತು ಬರೆದವಳು ನಾನು. ಗಂಡ ಹಾರಿಸುವ ವಿಮಾನವಾದ್ದರಿಂದ ಸಹಿ ಮಾತ್ರ ನಮ್ಮ ಸಾಹೇಬರದು. ಅಪಘಾತವಾದ ಮೇಲೆ ಅವರು ನನ್ನನ್ನು ರಜೆಯ ಮೇಲೆ ಕಳಿಸಿ, "ಆ ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗ್ಬೇಡ" ಎಂದಿದ್ದರು. ಮಾವನ ಉಪಕರಣದ ಪೆಟ್ಟಿಗೆ ತರಬೇಕು ಎಂಬ ನೆಪ ಹೇಳಿ ಒಳಗೆ ಬಂದಿದ್ದೆ. ಕಾವಲಿನವನು ನನ್ನ ಮುಖ ನೋಡಿ ಬಾಗಿಲು ತೆಗೆದ. ಗಂಡ ಸತ್ತವಳ ಮುಖಕ್ಕೆ ತೆರೆಯದ ಬಾಗಿಲಿಲ್ಲ ಎಂಬುದು ನಾನು ಈಚೆಗೆ ಕಲಿತದ್ದು.

ಶೆಡ್ಡಿನ ನಡುವೆ ಅಜ್ಜಿ ಬಿದ್ದಿದ್ದಳು. ವಿಮಾನವನ್ನು ಎಲ್ಲರೂ ಕರೆಯುತ್ತಿದ್ದದ್ದೇ ಅಜ್ಜಿ ಎಂದು. ಒಂದರ ಮೇಲೊಂದು ರೆಕ್ಕೆ, ಮುಂದೊಂದು ಹಿಂದೊಂದು ತೆರೆದ ಸೀಟು. ಈಗ ಮೂತಿ ನಜ್ಜುಗುಜ್ಜಾಗಿ, ವಿಚಾರಣೆಯವರ ಸೀಮೆಸುಣ್ಣದ ಗುರುತುಗಳನ್ನು ಮೈತುಂಬ ಹೊತ್ತು, ಒಂದು ಪಕ್ಕಕ್ಕೆ ವಾಲಿಕೊಂಡಿದ್ದಳು.

ಪ್ರತಿ ರೆಕ್ಕೆಯ ಹಿಂದಂಚಿನಲ್ಲಿ ಕೀಲಿನ ಮೇಲೆ ಆಡುವ ಒಂದು ಹಲಗೆ ಇದೆ. ಸ್ಟಿಕ್ ಎಡಕ್ಕೆ ಹೋದರೆ ಎಡ ರೆಕ್ಕೆಯ ಹಲಗೆ ಮೇಲೇಳಬೇಕು, ಬಲ ರೆಕ್ಕೆಯದು ಕೆಳಗಿಳಿಯಬೇಕು, ವಿಮಾನ ಎಡಕ್ಕೆ ವಾಲಬೇಕು. ಅಜ್ಜಿ ನೆಲ ಬಿಟ್ಟ ಕೂಡಲೇ ಒಂದು ರೆಕ್ಕೆ ಕೊಂಚ ತಗ್ಗಿರಬೇಕು. ಅದನ್ನು ಎತ್ತಲು ಸ್ಟಿಕ್ ತಳ್ಳಿದಷ್ಟೂ ಅದು ಇನ್ನಷ್ಟು ತಗ್ಗಿತು.

"ಸೈಯಣ್ಣ, ಒಬ್ಬರು ತಪ್ಪು ಮಾಡಬಹುದು," ಎಂದೆ. "ಮಾವ ತಂತಿ ಬದಲಾಯಿಸಿದ್ರು, ಅದಲುಬದಲು ಮಾಡಿದ್ರು ಅಂತ ಇಟ್ಕೊಳ್ಳೋಣ. ನೀವು ಎರಡನೇ ಸಲ ನೋಡಿದೋರು. ನಿಮಗೂ ಕಾಣಿಸ್ಲಿಲ್ವಾ?"

ಸೈಯಣ್ಣ ತಲೆ ತಗ್ಗಿಸಿದರು. ಪರೀಕ್ಷೆ ಮುಗಿದಾಗ ಎಲ್ಲರೂ ಸರಿ ಎಂದರೆ ಅವರು 'ಸೈ' ಎನ್ನುತ್ತಾರೆ. ಎರಡನೇ ಸೈ ಹಾಕುವವರೂ ಅವರೇ. ಎರಡೂ ಸೇರಿ ಸೈಯಣ್ಣ ಆದರು, ಹುಟ್ಟಿದ ಹೆಸರು ಅವರಿಗೇ ಮರೆತಿರಬಹುದು. ಮಾವನೂ ಅವರೂ ಒಂದೇ ತಟ್ಟೆಯಲ್ಲಿ ಉಂಡವರ ಹಾಗೆ ಈ ಶೆಡ್ಡಿನಲ್ಲೇ ಮುದುಕರಾದವರು.

"ಕಣ್ಣಿಗೆ ಮಣ್ಣು ಬಿದ್ದಿತ್ತು ತಾಯಿ," ಎಂದರು.

ಅವರನ್ನು ಅಲ್ಲೇ ಬಿಟ್ಟು ನಾನು ಅಜ್ಜಿಗೆ ಒಂದು ಸುತ್ತು ಹಾಕಿದೆ. ಮುಂದಿನ ಸೀಟು ಅರ್ಧ ಮುಚ್ಚಿಹೋಗಿತ್ತು. ಎಂಜಿನ್ ಹಿಂದಕ್ಕೆ ನುಗ್ಗಿ ಅದನ್ನು ಒತ್ತಿಬಿಟ್ಟಿತ್ತು. ಒಳಗೆ ಇಣುಕಿದಾಗ ಭುಜದ ಪಟ್ಟಿ ಕಾಣಿಸಿತು.

ಒಬ್ಬಂಟಿಯಾಗಿ ಹಾರುವವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಆಗ ಮುಂದಿನ ಸೀಟಿನ ಪಟ್ಟಿಗಳನ್ನು ಸುತ್ತಿ, ಬಿಗಿದು ಕಟ್ಟಿಡಬೇಕು. ಇಲ್ಲದಿದ್ದರೆ ತೇಲಾಡಿ ಮುಂದಿನ ಸ್ಟಿಕ್ಕಿಗೆ ಸಿಕ್ಕಿಕೊಳ್ಳುತ್ತವೆ. ನನ್ನ ಗಂಡ ಅಂಗಿಯ ಗುಂಡಿ ಹಾಕಲು ಮರೆತಾನು, ಆ ಪಟ್ಟಿ ಕಟ್ಟಲು ಮರೆಯುವವನಲ್ಲ.

ಇಲ್ಲಿ ಪಟ್ಟಿ ಕಟ್ಟಿರಲಿಲ್ಲ. ಕೊಕ್ಕೆ ಹಾಕಿದ್ದು ಹಾಕಿದ ಹಾಗೇ ಇತ್ತು, ಪಕ್ಕದಲ್ಲಿ ಚಾಕುವಿನಿಂದ ಕೊಯ್ದಿತ್ತು. ಕೊಯ್ದ ಅಂಚು ನೀಟಾಗಿತ್ತು, ಹರಿದದ್ದಲ್ಲ.

ಆಂಬ್ಯುಲೆನ್ಸಿನವರು ಬಂದಾಗ ಅವನು ಹುಲ್ಲಿನ ಮೇಲೆ ಮಲಗಿದ್ದ. ತೆರೆದ ಸೀಟು, ಹೊರಗೆ ಸಿಡಿದು ಬಿದ್ದಿದ್ದಾನೆ ಎಂದೇ ಎಲ್ಲರೂ ತಿಳಿದರು. ಪಟ್ಟಿ ಕೊಯ್ಯಿಸಿಕೊಂಡವನು ಸಿಡಿದು ಬೀಳುವುದಿಲ್ಲ. ಅವನನ್ನು ಯಾರೋ ಎಳೆದು ತೆಗೆದಿದ್ದಾರೆ, ಮುಂದಿನ ಸೀಟಿನಿಂದ.

ಮುಂದಿನ ಸೀಟು ಕಲಿಸುವವನದು. ಕಲಿಯುವವರು ಹಿಂದೆ ಕೂರುತ್ತಾರೆ.

ಹಾಗಾದರೆ ಹಿಂದೆ ಯಾರೋ ಇದ್ದರು. ಬದುಕಿ, ಇಳಿದು, ಹೋಗಿಬಿಟ್ಟಿದ್ದಾರೆ. ಈ ಮಾತು ಮನಸ್ಸಿನಲ್ಲಿ ಮೂಡಿದಾಗ ಎದೆ ಧಸಕ್ಕೆನ್ನಬೇಕಿತ್ತು. ಎನ್ನಲಿಲ್ಲ. ಪಟ್ಟಿ ಮುಟ್ಟಿದ ಕೈಯನ್ನು ಸೀರೆಗೆ ಒರೆಸಿಕೊಂಡೆ.

ವಿಚಾರಣೆಯವರು ತಂತಿ ಕಂಡ ಕೂಡಲೇ ಉಳಿದದ್ದನ್ನು ನೋಡುವುದು ಬಿಟ್ಟಿದ್ದರು. ಮುಂದಿನ ಸೀಟಿಗೆ ಒಂದು ಸೀಮೆಸುಣ್ಣದ ಗೀಟೂ ಇರಲಿಲ್ಲ. ಸೈಯಣ್ಣನಿಗೆ ನಾನು ಏನೂ ಹೇಳಲಿಲ್ಲ. ಕಾಲು ಎಳೆದುಕೊಂಡು ಶೆಡ್ಡಿನ ಹಿಂದಿನ ಗೋಡೆಯವರೆಗೂ ನಡೆದೆ. ಅಲ್ಲಿ ಚಪ್ಪಲಿ ಜಾರಿತು.

ಎಣ್ಣೆ.

ಅಜ್ಜಿಯ ಎಂಜಿನ್ ನಿಂತಲ್ಲೇ ಎಣ್ಣೆ ಸೋರುತ್ತಿತ್ತು. "ಸೋರ್ತಾಳೆ ಅಂದ್ರೆ ಬದುಕಿದಾಳೆ" ಎಂದು ನನ್ನ ಗಂಡ ನಗುತ್ತಿದ್ದ. ಯಾವಾಗಲೂ ಮೂತಿಯನ್ನು ದೊಡ್ಡ ಬಾಗಿಲಿನ ಕಡೆ ಮಾಡಿ ನಿಲ್ಲಿಸುತ್ತಿದ್ದರಿಂದ ಅಲ್ಲಿ ನೆಲದ ಮೇಲೆ ಹಳೆಯ ಕಪ್ಪು ಕಲೆಯಿದೆ, ಎಷ್ಟು ಉಜ್ಜಿದರೂ ಹೋಗದ್ದು. ಆದರೆ ಈ ಕಲೆ ಹೊಸದು, ಇನ್ನೂ ಜಿಡ್ಡಾಗಿದೆ, ಮತ್ತು ಬಾಲ ಇರಬೇಕಾದ ಜಾಗದಲ್ಲಿದೆ.

"ಸೈಯಣ್ಣ, ತಂತಿ ಹಾಕಿದ ದಿನ ಅಜ್ಜಿ ತಿರುಗಿ ನಿಂತಿದ್ಲಾ?"

"ಹ್ಞಾಂ?"

"ಮೂತಿ ಒಳಗೆ, ಬಾಲ ಬಾಗಿಲ ಕಡೆಗೆ."

"ಹೌದು. ಬಾಲದಲ್ಲಿ ಹೊಲಿಗೆ ಬಿಟ್ಟಿತ್ತು. ಬೆಳಕು ಬೇಕು ಅಂತ ನಿಮ್ಮೋರೇ ಬೆಳಿಗ್ಗೆ ತಿರುಗಿಸಿ ನಿಲ್ಸಿದ್ರು."

ಆಗ ನನಗೆ ಈ ಶೆಡ್ಡಿನ ಭಾಷೆ ನೆನಪಾಯಿತು. ಇಲ್ಲಿ ಯಾರೂ ಎಡ ರೆಕ್ಕೆ, ಬಲ ರೆಕ್ಕೆ ಎನ್ನುವುದಿಲ್ಲ. ಎದುರು ನಿಂತವನ ಎಡ, ಒಳಗೆ ಕೂತವನ ಬಲವಾಗುತ್ತದೆ, ಅದರಿಂದ ಜಗಳ. ಹಾಗಾಗಿ ಹಿಂದೆ ಯಾರೋ ಬುದ್ಧಿವಂತರು ಹೊಸ ಹೆಸರಿಟ್ಟರು. ಶೆಡ್ಡಿನ ಒಂದು ಪಕ್ಕ ಉದ್ದಕ್ಕೂ ಕಿಟಕಿ, ಇನ್ನೊಂದು ಪಕ್ಕ ಬರೀ ಗೋಡೆ. ಅಜ್ಜಿಗೆ ಒಂದು ಕಿಟಕಿ ರೆಕ್ಕೆ, ಒಂದು ಗೋಡೆ ರೆಕ್ಕೆ. ಮೂತಿ ಬಾಗಿಲ ಕಡೆಗಿದ್ದಾಗ ಕಿಟಕಿ ಎಡಗಡೆ, ಹಾಗಾಗಿ ಹೊರಗಿನವನು "ಕಿಟಕಿ" ಎಂದು ಕೂಗಿದರೆ ಒಳಗಿನವನು ಸ್ಟಿಕ್ಕನ್ನು ಎಡಕ್ಕೆ ತಳ್ಳುತ್ತಾನೆ. ನೋಡುವುದೂ ಬೇಡ, ಯೋಚಿಸುವುದೂ ಬೇಡ, ಕೈಗೇ ಗೊತ್ತು.

ವಿಮಾನ ತಿರುಗಿ ನಿಂತರೆ?

"ಆವತ್ತು ಏನಾಯ್ತು, ಮೊದಲಿಂದ ಹೇಳಿ," ಎಂದೆ.

"ವಿಚಾರಣೆಯೋರಿಗೆ ಹೇಳಿದೀನಲ್ಲ ತಾಯಿ."

"ನನಗೆ ಹೇಳಿಲ್ಲ."

ಸೈಯಣ್ಣ ಮಗುಚಿಟ್ಟ ಡಬ್ಬದ ಮೇಲೆ ಕೂತರು. "ಮಧ್ಯಾಹ್ನ ನಿಮ್ಮ ಮಾವ ಸೀಟಿನ ಅಡಿಯಲ್ಲಿ ತಲೆಕೆಳಗಾಗಿ ಮಲಗಿ ತಂತಿ ಹಾಕ್ತಿದ್ರು. ಹಾಕಿದ್ ಮೇಲೆ ನಾನು ಬಾಲದ ಹತ್ರ ನಿಂತ್ಕೊಂಡು 'ಕಿಟಕಿ' ಅಂದೆ. ಕಿಟಕಿ ಕಡೆ ಹಲಗೆ ಮೇಲೇಳೋ ಬದ್ಲು ಕೆಳಗೆ ಬಂತು. 'ಉಲ್ಟಾ ಇದೆ' ಅಂದೆ. ಅವರು ಒಳಗಿಂದ್ಲೇ ತಂತಿ ಬದಲಾಯಿಸಿದ್ರು. ಮತ್ತೆ 'ಕಿಟಕಿ' ಅಂದೆ. ಮೇಲೆದ್ದಿತು. ಸೈ ಅಂದೆ."

"ಮಾವ ಹೊರಗೆ ಬಂದು ತಾವೂ ನೋಡಬೇಕಿತ್ತಲ್ಲ?"

"ಬೆನ್ನು ಹಿಡ್ಕೊಂಡಿತ್ತು. ನೆಟ್ಟಗೆ ನಿಲ್ಲೋಕೆ ಆಗ್ಲಿಲ್ಲ. 'ನೀನು ನೋಡಿದ್ಯಲ್ಲ ಬಿಡು' ಅಂತ ಸೈ ಹಾಕಿದ್ರು."

ಎರಡು ಸಹಿ, ಒಂದೇ ಜೊತೆ ಕಣ್ಣು. ಕಚೇರಿಯಲ್ಲಿ ಕೂತು ಇಬ್ಬರು ಬೇರೆ ಬೇರೆಯಾಗಿ ಎಂದು ಬರೆಯುವವಳು ನಾನು. ಬೆನ್ನು ಹಿಡಿದುಕೊಂಡರೆ ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ.

"ಸ್ಟಿಕ್ ಹಿಡಿದಿದ್ದೋರು ಯಾರು?"

"ಯಾರು ಅಂದ್ರೆ... ನಿಮ್ಮೋರೇ."

"ಸೈಯಣ್ಣ."

"ಏನು?"

"ಆವತ್ತು ಮಧ್ಯಾಹ್ನ ಪೂರ್ತಿ ಅವರು ನನ್ನ ಆಫೀಸಲ್ಲಿ, ನನ್ನ ಮೇಜಿನ ಎದುರಿಗೇ ಕೂತಿದ್ರು. ಅಜ್ಜಿಯಲ್ಲಿ ಪಾಠ ಮಾಡೋಕೆ ಬಿಡು ಅಂತ ನನ್ನ ತಲೆ ತಿಂತಾ ಇದ್ರು. ಆಗಲ್ಲ ಅಂತ ನಾನು ಕೂಗಾಡಿದ್ದು ಇಡೀ ಆಫೀಸಿಗೇ ಕೇಳಿಸಿದೆ. ಈಗ ಹೇಳಿ, ಯಾರು?"

ಅವರ ಮುಖ ಬಿಳುಚಿಕೊಂಡಿತು. ಎದ್ದು ಕೂತರು, ಕೂತು ಎದ್ದರು.

"ಹೇಳಬಾರದು ಅಂತ ಆಣೆ ಹಾಕ್ಸಿದಾರೆ ನಿಮ್ಮ ಮಾವ."

"ಹೇಳದೆ ಇದ್ರೆ ನಾಳೆ ಅವರು ಜೈಲಿಗೆ ಹೋಗ್ತಾರೆ."

"ನಿಮ್ಮ ನಾದಿನಿ," ಎಂದರು ಸೈಯಣ್ಣ.

ನನ್ನ ಗಂಡನ ತಂಗಿ. ಅಣ್ಣನ ಹಿಂದೆ ಬಾಲದ ಹಾಗೆ ಶೆಡ್ಡಿಗೆ ಬರುತ್ತಿದ್ದವಳು. ಅಪಘಾತದ ದಿನದಿಂದ ಜ್ವರ ಎಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಒಂದೇ ಮನೆಯಲ್ಲಿದ್ದೂ ನಾನು ಅವಳ ಹಣೆ ಮುಟ್ಟಿ ನೋಡಿರಲಿಲ್ಲ. ಜ್ವರ ಎಂದರು, ಸರಿ ಎಂದೆ.

ಕೊಯ್ದ ಪಟ್ಟಿ ಕಣ್ಣ ಮುಂದೆ ಬಂತು. ಹಿಂದೆ ಕೂತವರು ಯಾರೆಂದು ಇನ್ನು ಕೇಳಬೇಕಾಗಿರಲಿಲ್ಲ.

"ಸ್ಟಿಕ್ ಯಾವ ಕಡೆ ತಳ್ಳಿದ್ಲು ಅಂತ ನೀವು ನೋಡಿದ್ರಾ?"

"ಬಾಲದ ಹತ್ರ ನಿಂತವನಿಗೆ ಸ್ಟಿಕ್ ಎಲ್ಲಿ ಕಾಣುತ್ತೆ ತಾಯಿ? ಹಲಗೆ ಮಾತ್ರ ಕಾಣೋದು."

ಆಮೇಲೆ ನಾನು ಮಾತಾಡಿದೆ. ಮಾತಾಡಬಾರದಿತ್ತು ಎಂದು ಆಗ ಗೊತ್ತಿರಲಿಲ್ಲ. "ಮಾವ ಮೊದಲು ಹಾಕಿದ ತಂತಿ ಸರಿಯಾಗೇ ಇತ್ತು ಸೈಯಣ್ಣ. ವಿಮಾನ ತಿರುಗಿ ನಿಂತಿತ್ತು, ಕಿಟಕಿ ಬಲಕ್ಕೆ ಬಂದಿತ್ತು. ನೀವು ಕಿಟಕಿ ಅಂದಾಗ ಅವಳು ಅಭ್ಯಾಸದಲ್ಲಿ ಎಡಕ್ಕೆ ತಳ್ಳಿದಾಳೆ. ನಿಮಗೆ ಉಲ್ಟಾ ಕಂಡಿದೆ. ಸರಿಯಾಗಿದ್ದದ್ದನ್ನ ತಿದ್ದೋಕೆ ಹೋಗಿ ತಪ್ಪು ಮಾಡಿದ್ರಿ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಂದು ಮಾತು ತಪ್ಪಿತು, ಅಷ್ಟೇ."

ಸೈಯಣ್ಣ ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಅದೇ! ಅದೇ ಆಗಿರೋದು ತಾಯಿ! ಇಷ್ಟ್ ದಿನ ನನ್ನ ತಲೆಗೆ ಹೊಳೀಲೇ ಇಲ್ಲ ನೋಡಿ. ನೀವು ನಮ್ಮ ಹೊಟ್ಟೆಗೆ ಹಾಲು ಹೊಯ್ದ್ರಿ. ಪಾಪ, ಆ ಹುಡುಗಿಗೆ ಮಾತ್ರ ಹೇಳ್ಬೇಡಿ, ಅವಳು ತಡ್ಕೊಳ್ಳಲ್ಲ."

ಅವರ ಕೈ ಬೆಚ್ಚಗಿತ್ತು. ನನ್ನದು ತಣ್ಣಗಿತ್ತು. ಬಿಡಿಸಿಕೊಂಡು, ಮಾವನ ಪೆಟ್ಟಿಗೆ ಎತ್ತಿಕೊಂಡು ಹೊರಟೆ.

*

ಮನೆಯಲ್ಲಿ ಮಾವ ಅಡುಗೆಮನೆಯ ಮೇಜಿನ ಮೇಲೆ ಕಂಬಳಿ ಹಾಸಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ನಾಳೆಗೆ ಬೇಕಾದ ಬಿಳಿ ಅಂಗಿ. ಬೆನ್ನು ಇನ್ನೂ ಬಗ್ಗಿಯೇ ಇತ್ತು, ಕಾಲರು ಮಾತ್ರ ನೆಟ್ಟಗಾಗುತ್ತಿತ್ತು.

"ಇಸ್ತ್ರಿ ಆಫ್ ಮಾಡಿ ಮಾವ. ನೀವು ನಾಳೆ ಹೋಗೋದು ಬೇಡ."

"ಇನ್ನೊಂದು ತೋಳಿದೆ ಕಣಮ್ಮಾ."

ಪೆಟ್ಟಿಗೆ ಕೆಳಗಿಟ್ಟೆ. ಶೆಡ್ಡಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹೊಸ ಎಣ್ಣೆ, ತಿರುಗಿ ನಿಂತ ಅಜ್ಜಿ, ಕಿಟಕಿ ಎಂಬ ಮಾತು. ನೀವು ಮೊದಲು ಹಾಕಿದ್ದು ಸರಿಯಿತ್ತು ಎಂದೆ. ಅವರ ಮುಖ ಅರಳುತ್ತದೆ, ಕುಸಿದು ಕೂತು ಅಳುತ್ತಾರೆ, ಅವರು ಅತ್ತರೆ ನನಗೂ ಅಳು ಬರಬಹುದು ಎಂದುಕೊಂಡಿದ್ದೆ.

ಮಾವ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು.

"ಗೊತ್ತು," ಎಂದರು.

"ಏನು ಗೊತ್ತು?"

"ನೀನು ಹೇಳಿದ್ದೆಲ್ಲ. ಆವತ್ತು ರಾತ್ರಿಯೇ ಹೊಳೀತು. ಮಗನ್ನ ಮಲಗಿಸಿದ್ರಲ್ಲ, ಪಕ್ಕದಲ್ಲಿ ಕೂತ್ಕೊಂಡು ಲೆಕ್ಕ ಹಾಕ್ದೆ. ತಿರುಗಿ ನಿಂತಿತ್ತು, ಕಿಟಕಿ ಆ ಕಡೆ ಇತ್ತು, ಹುಡುಗಿ ಅಭ್ಯಾಸದಲ್ಲಿ ತಳ್ಳಿದಾಳೆ."

"ಪಟ್ಟಿ ಕೊಯ್ದದ್ದೂ ನೀವೇನಾ?"

"ನಾನೇ. ಬೆನ್ನುನೋವೇ ಇಲ್ದೋನ ಹಾಗೆ ಓಡಿದೆ. ಅವಳು ಹಿಂದಿನ ಸೀಟಲ್ಲಿ ಕೂತ್ಕೊಂಡು 'ಅಣ್ಣಾ ಅಣ್ಣಾ' ಅಂತಿದ್ಲು. ಇವನು..." ಅವರು ಅಂಗಿಯ ತೋಳನ್ನು ಸವರಿದರು. "ಇವನನ್ನ ಎಳೆದು ಮಲಗಿಸಿದೆ. ಅವಳನ್ನ ಮರಗಳ ಹಿಂದಿನಿಂದ ಮನೆಗೆ ಓಡಿಸ್ದೆ. ಅಜ್ಜಿಯಲ್ಲಿ ಕಲಿಸಬಾರದು ಅಂತ ನೀನೇ ಬರೆದಿದ್ಯಲ್ಲಮ್ಮಾ. ಅದೂ ತಂತಿ ಮುಟ್ಟಿದ್ ಮೇಲಿನ ಮೊದಲ್ನೇ ಹಾರಾಟ. ಒಬ್ನೇ ಹೋಗಬೇಕಿತ್ತು ಅವನು."

ಹೋಗಬೇಕಿತ್ತು. ನನ್ನೊಂದಿಗೆ ಜಗಳವಾಡಿ ಸೋತು ಹೋದವನು ಮಾರನೇ ದಿನ ನನಗೆ ಹೇಳದೆ ತಂಗಿಯನ್ನು ಹತ್ತಿಸಿಕೊಂಡ. ಕಲಿಸುವಾಗ ಅವನದೊಂದು ಚಾಳಿಯಿತ್ತು. ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತ ಕೂರುತ್ತಿದ್ದ, ನಾನು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ, ಇನ್ನು ಎಲ್ಲ ನಿನ್ನದೇ ಎಂಬ ಹಾಗೆ. ಒಂಟಿಯಾಗಿ ಹೋಗಿದ್ದರೆ ಹಲಗೆಯನ್ನು ಕಣ್ಣಾರೆ ನೋಡುತ್ತಿದ್ದ, ಕೆಳಗಿಳಿದು ಅಪ್ಪನಿಗೂ ಸೈಯಣ್ಣನಿಗೂ ಮಂಗಳಾರತಿ ಎತ್ತಿ, ಮಧ್ಯಾಹ್ನ ಮನೆಗೆ ಊಟಕ್ಕೆ ಬರುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

"ಮಾವ, ನಿಜ ಹೇಳಿದ್ರೆ ಇದು ಅಪಘಾತ. ನಿಮ್ಮನ್ನ ಬಿಟ್ಟುಬಿಡ್ತಾರೆ."

"ನನ್ನನ್ನ ಬಿಡ್ತಾರೆ. ಅವಳನ್ನ ಯಾರು ಬಿಡ್ತಾರೆ?" ಮಾವ ದನಿ ತಗ್ಗಿಸಿದರು. "ಅಪ್ಪ ತಂತಿ ತಪ್ಪು ಹಾಕ್ದ ಅಂತ ಅಂದ್ಕೊಂಡಿದಾಳೆ. ನನ್ನನ್ನ ಶಪಿಸಲಿ, ಪರ್ವಾಗಿಲ್ಲ, ನಾನು ಎಷ್ಟು ದಿನ ಇರೋನು. ತನ್ನ ಕೈಯಿಂದ ಅಣ್ಣ ಹೋದ ಅಂತ ಗೊತ್ತಾದ್ರೆ ಅವಳು ಬದುಕ್ತಾಳೇನಮ್ಮಾ? ಒಂದು ಹೋಯ್ತು. ಇನ್ನೊಂದನ್ನ ಉಳಿಸ್ಕೋತೀನಿ. ನೀನು ಅಡ್ಡ ಬರಬೇಡ, ಕೈ ಮುಗೀತೀನಿ."

ಅವರು ನಿಜವಾಗಿಯೂ ಕೈ ಮುಗಿದರು. ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಹೇಳುವ ಮೊದಲೇ ಬೆನ್ನ ಹಿಂದೆ ಸದ್ದಾಯಿತು.

ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಕೊರಳ ಪಕ್ಕದಿಂದ ಭುಜದವರೆಗೆ ಪಟ್ಟಿ ಒತ್ತಿದ ಜಾಗ ಹಳದಿಗಟ್ಟಿತ್ತು. ಎಷ್ಟು ಕೇಳಿಸಿಕೊಂಡಿದ್ದಳೋ ಕೇಳಬೇಕಾಗಿರಲಿಲ್ಲ, ಮುಖದಲ್ಲೇ ಬರೆದಿತ್ತು.

"ಅಪ್ಪ, ನಾನು ಎಡಕ್ಕೆ ತಳ್ಳಲಿಲ್ಲ," ಎಂದಳು.

ಮಾವ ಅವಳ ಕಡೆ ಹೆಜ್ಜೆ ಇಟ್ಟರು. "ಹೋಗ್ಲಿ ಬಿಡು ಮಗಳೇ. ಅಭ್ಯಾಸ ಆಗೋಗಿತ್ತು, ಏನ್ ಮಾಡೋಕಾಗುತ್ತೆ. ಯಾರಾದ್ರೂ ಹಂಗೇ..."

"ಅಭ್ಯಾಸ ಅಲ್ಲ ಅಪ್ಪ! ಅಜ್ಜಿನ ತಿರುಗಿಸಿ ನಿಲ್ಸಿದ್ದು ಅಣ್ಣ ಒಬ್ನೇ ಅಲ್ಲ, ನಾನೂ ತಳ್ಳಿದೀನಿ. ಕಿಟಕಿ ಬಲಗಡೆ ಬಂದಿದೆ ಅಂತ ನನಗೆ ಗೊತ್ತಿತ್ತು. ಸೈಯಣ್ಣ ಕಿಟಕಿ ಅಂದ ತಕ್ಷಣ ಕೂಗಿ ಹೇಳ್ದೆ, 'ಇವತ್ತು ಕಿಟಕಿ ಬಲಕ್ಕಿದೆ, ಬಲಕ್ಕೆ ತಳ್ತಿದೀನಿ' ಅಂತ. ಬಲಕ್ಕೇ ತಳ್ಳಿದೆ. ಎರಡು ಸಲವೂ."

ಮಾವ ಹಿಂದೆ ಸರಿದು ಮೇಜಿನ ಅಂಚು ಹಿಡಿದುಕೊಂಡರು.

"ಹಲಗೆ ನೀನು ನೋಡಿದ್ಯಾ?" ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು.

"ಇಲ್ಲ ಅತ್ತಿಗೆ. ಒಂದು ಕೈಯಲ್ಲಿ ಅಪ್ಪನಿಗೆ ಟಾರ್ಚ್ ಹಿಡ್ಕೊಂಡು ಕೆಳಗೆ ನೋಡ್ತಿದ್ದೆ. ಮಾರನೇ ದಿನ ಮೈದಾನದಲ್ಲೂ ನೋಡ್ಲಿಲ್ಲ. ಅಪ್ಪ, ಸೈಯಣ್ಣ ಇಬ್ರೂ ನೋಡಿದಾರಲ್ಲ ಅಂತ ಸುಮ್ನೆ ಸ್ಟಿಕ್ ಅಲ್ಲಾಡಿಸಿ ಎಲ್ಲ ಸರಿ ಅಂದೆ. ಅಣ್ಣ ನಂಬಿದ. ಅದು ನನ್ನ ತಪ್ಪೇ. ಆದ್ರೆ ಕಿಟಕಿ ನನ್ನ ತಪ್ಪಲ್ಲ."

"ನೀನು ಕೂಗಿದ್ದಕ್ಕೆ ಸೈಯಣ್ಣ ಏನಂದ್ರು?"

ಉತ್ತರ ಕೊಟ್ಟವರು ಮಾವ. ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದರು. "ಗೊತ್ತು ಗೊತ್ತು ಅಂದ," ಎಂದರು. "ಇವಳು ಏನೋ ಕೂಗಿದ್ದು ಕೇಳಿಸ್ತು. ಏನು ಅಂತ ತಿಳೀಲಿಲ್ಲ, ನನ್ನ ತಲೆ ಅಡಿಯಲ್ಲಿತ್ತು. ಅವನು 'ಗೊತ್ತು ಗೊತ್ತು, ನೀನು ತಳ್ಳು' ಅಂದಿದ್ದು ಚೆನ್ನಾಗಿ ಕೇಳಿಸ್ತು. ಆಮೇಲೆ 'ಉಲ್ಟಾ ಇದೆ' ಅಂದ."

ಸ್ಟಿಕ್ ಬಲಕ್ಕೆ. ಕಿಟಕಿ ಬಲಕ್ಕೆ. ತಂತಿ ಸರಿಯಿತ್ತು. ಕಿಟಕಿ ಕಡೆಯ ಹಲಗೆ ಮೇಲೇಳಲೇಬೇಕು, ಎದ್ದೇ ಇತ್ತು. ಅದನ್ನು ಕಣ್ಣಾರೆ ನೋಡುತ್ತಾ ಅವನು ಉಲ್ಟಾ ಎಂದ. ಮಾವ ತಂತಿ ತಿರುಗಿಸಿದ ಮೇಲೆ ಹಲಗೆ ಕೆಳಗಿಳಿಯಿತು. ಅದನ್ನೂ ನೋಡಿದ, ಸೈ ಎಂದ.

ಇಷ್ಟು ವರ್ಷ ಬಹುವಚನದಲ್ಲಿ ಕರೆದವರನ್ನು ಮನಸ್ಸು ಹೇಳದೆ ಕೇಳದೆ ಏಕವಚನಕ್ಕೆ ಇಳಿಸಿತ್ತು.

ಮಾವ ಕುರ್ಚಿಗೆ ಕುಸಿದರು. "ಯಾಕೆ?" ಎಂದರು. "ನನ್ನ ಜೊತೆ ಉಂಡೋನು. ಯಾಕೆ?"

ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಬೇರೆ. ಅವನ ಬಳಿ ಇಷ್ಟು ದಿನ ಕಣ್ಣಿಗೆ ಮಣ್ಣು ಬಿದ್ದಿತ್ತು ಎಂಬ ಬಡಪಾಯಿ ನೆವ ಮಾತ್ರ ಇತ್ತು. ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ ಅದು ನಿಲ್ಲುತ್ತಿರಲಿಲ್ಲ. ಇವತ್ತು ನಾನು ಹೋಗಿ, ಎಣ್ಣೆಯ ಕಲೆ ತೋರಿಸಿ, ಯಾರೂ ಬೆರಳು ತೋರಿಸಲಾಗದ ಹಾಗೆ ಒಂದು ಕಥೆ ಹೊಸೆದು ಅವನ ಕೈಗೆ ಕೊಟ್ಟು ಬಂದಿದ್ದೆ. ಅವನು ಅತ್ತದ್ದು ಸುಳ್ಳಲ್ಲ. ಉಳಿದೆ ಎಂದು ಅತ್ತಿದ್ದ.

ಆಗ, ಅಷ್ಟು ದಿನಗಳಲ್ಲಿ ಮೊದಲ ಸಲ, ನನ್ನ ಕೈ ನಡುಗಿತು. ಬೇರೇನೂ ಆಗಲಿಲ್ಲ. ಕೈ ಮಾತ್ರ.

ಫೋನು ಹೊಡೆದುಕೊಂಡಿತು. ನಮ್ಮ ಸಾಹೇಬರು.

"ಶೆಡ್ಡಿಗೆ ಹೋಗಿದ್ಯಂತೆ," ಎಂದರು. ಬೈಗುಳ ಬರುತ್ತದೆಂದು ಕಾದೆ. ಬಂದದ್ದು ಮೆಚ್ಚುಗೆ. "ಹೋಗ್ಬೇಡ ಅಂದಿದ್ದೆ, ಆದ್ರೂ ಹೋಗಿದ್ದೇ ಒಳ್ಳೇದಾಯ್ತು ಕಣಮ್ಮ. ನಿಮ್ಮ ಸೈಯಣ್ಣ ಈಗ ತಾನೇ ವಿಚಾರಣೆಯೋರ ಹತ್ರ ಬಂದು ಎಲ್ಲ ಹೇಳಿದ. ಕಿಟಕಿ, ಗೋಡೆ, ವಿಮಾನ ತಿರುಗಿ ನಿಂತಿದ್ದು, ಎಲ್ಲ. ಪತ್ತೆ ಹಚ್ಚಿದ್ದು ನೀನೇ ಅಂತ ಹತ್ತು ಸಲ ಹೇಳಿದ. ನಿನ್ನ ಹೆಸರಲ್ಲೇ ಬರ್ಕೊಂಡಿದಾರೆ."

"ಸಾರ್, ಒಂದ್ನಿಮಿಷ, ನಾನು ಹೇಳಿದ್ದು..."

"ನಿನ್ನ ಮಾತಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆ ವಿಮಾನದ ಷರತ್ತು ಬರೆದೋಳೇ ನೀನು, ಅದೂ ಸತ್ತೋನ ಹೆಂಡ್ತಿ. ಅಷ್ಟಕ್ಕೂ ಅವನು ಕಣ್ಣಾರೆ ಕಂಡಿದಾನಂತಲ್ಲ, ಆ ಹುಡುಗಿ ಸ್ಟಿಕ್ಕನ್ನ ಎಡಕ್ಕೆ ತಳ್ಳಿದ್ದು."

ಬಾಲದ ಹತ್ತಿರ ನಿಂತವನಿಗೆ ಸ್ಟಿಕ್ ಕಾಣುವುದಿಲ್ಲ. ಆ ಮಾತನ್ನು ಅವನು ಹೇಳಿದ್ದು ನನ್ನೊಬ್ಬಳ ಮುಂದೆ.

ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾವ ಕುರ್ಚಿಯಿಂದ ಏಳಲು ನೋಡಿ, ಬೆನ್ನು ಏಳಗೊಡದೆ, ಅವಳ ಕೈಯನ್ನು ಹಿಡಿದುಕೊಂಡಿದ್ದರು.

"ನಿನ್ನ ನಾದಿನಿ ಮನೇಲೇ ಇದಾಳಲ್ಲ?" ಎಂದರು ಸಾಹೇಬರು. "ಎಲ್ಲೂ ಕಳಿಸ್ಬೇಡ. ಕರ್ಕೊಂಡು ಹೋಗೋಕೆ ಜೀಪು ಹೊರಟಾಗಿದೆ. ದಾರಿ ತೋರಿಸೋಕೆ ಸೈಯಣ್ಣನೂ ಜೊತೇಲಿ ಬರ್ತಿದಾನೆ."